ಕಂಪನಿ ನಾಟಕದ ಜಮಾಖರ್ಚು: ಬಾಗಲಕೋಟೆ ಸೀಮೆಯ ವೃತ್ತಿ ಮಂಡಳಿಗಳ ಏಳುಬೀಳು

ಟಿಕೀಟು ಮಾರಿ ನಾಟಕ ತೋರಿಸುವುದನ್ನೇ ಕಸುಬು ಮಾಡಿಕೊಂಡ ಮಂಡಳಿಗಳು ಉತ್ತರ ಕರ್ನಾಟಕದಲ್ಲಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ಆರೇಳು ದಶಕ ಅವು ಮೆರೆದವು. ಆಮೇಲೆ ಒಂದೊಂದಾಗಿ ಡೇರೆ ಬಿಚ್ಚಿದವು. ಇಂದಿನ ಬಾಗಲಕೋಟೆ ಜಿಲ್ಲೆ 1997ರ ವರೆಗೆ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯ ದಕ್ಷಿಣ ಭಾಗವಾಗಿತ್ತು. ಈ ಕಸುಬಿಗೆ ಅದು ನಾಟಕಕಾರರನ್ನು ಕೊಟ್ಟಿತು, ಹಾಡುಗಾರ್ತಿಯರನ್ನು ಕೊಟ್ಟಿತು, ಮಾಲಕರನ್ನು ಕೊಟ್ಟಿತು, ಎಲ್ಲಕ್ಕಿಂತ ಮಿಗಿಲಾಗಿ ನೋಡುವ ಜನರನ್ನು ಕೊಟ್ಟಿತು. ಕಂಪನಿಗಳು ಮುಳುಗಿದ್ದೇಕೆ ಎಂದರೆ ಸಿನಿಮಾ, ಟಿ.ವಿ.ಗಳತ್ತ ಬೆರಳು ತೋರಿಸುವುದು ರೂಢಿ. ಆದರೆ ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ನಾಟಕದ ಥಿಯೇಟರುಗಳು ಇವತ್ತಿಗೂ ತುಂಬುತ್ತವೆ. ನೋಡುವವರು ಇದ್ದೂ ಕಂಪನಿಗಳು ಉಳಿಯಲಿಲ್ಲ ಎಂದ ಮೇಲೆ, ಕಾರಣವನ್ನು ಅವುಗಳ ಜಮಾಖರ್ಚಿನಲ್ಲೇ ಹುಡುಕಬೇಕು.

ಕಂಪನಿಗಳು ಬರುವ ಮೊದಲು ಈ ಸೀಮೆಯಲ್ಲಿ ಆಟಕ್ಕೇನೂ ಬರವಿರಲಿಲ್ಲ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಊರೂರಲ್ಲಿ ನಡೆಯುತ್ತಿದ್ದವು. ಅವುಗಳ ಖರ್ಚು ಊರಿನದು. ಗೌಡ ಎಣ್ಣೆ ಕೊಡುತ್ತಿದ್ದ, ಸಾವುಕಾರ ಜೋಳ ಕೊಡುತ್ತಿದ್ದ, ಆಡುವವರು ಹಗಲು ಹೊಲದಲ್ಲಿ ದುಡಿಯುವವರೇ ಆಗಿದ್ದರು. ಅಗಸಿಯ ಮುಂದೆ ಕುಳಿತು ನೋಡುವುದಕ್ಕೆ ಯಾರೂ ಹಣ ಕೇಳುತ್ತಿರಲಿಲ್ಲ. ಹಣ ಕೊಟ್ಟು ಒಳಗೆ ಹೋಗುವ ನಾಟಕವನ್ನು ಮುಂಬಯಿ ಕರ್ನಾಟಕಕ್ಕೆ ಮೊದಲು ತಂದದ್ದು ಮರಾಠಿ ಮಂಡಳಿಗಳು. 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆ ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ 'ಸೀತಾ ಸ್ವಯಂವರ' ಆಡಿಸಿದ. ಅದಕ್ಕೆ ಪ್ರೇರಣೆ ಸಿಕ್ಕಿದ್ದು ಕರ್ನಾಟಕದ ಕಡೆಯಿಂದ ಹೋಗಿದ್ದ ಭಾಗವತರ ಆಟದಿಂದ. ನಾಲ್ಕು ದಶಕಗಳ ನಂತರ, 1880ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ 'ಶಾಕುಂತಲ'ವನ್ನು ಸಂಗೀತ ನಾಟಕವಾಗಿ ರಂಗಕ್ಕೆ ತಂದರು. ಕಿರ್ಲೋಸ್ಕರ ಮಂಡಳಿಯ ಹಾಡು, ಜರತಾರಿ, ಪರದೆಗಳ ಮುಂದೆ ಕನ್ನಡದ ಆಟ ಹಳ್ಳಿಗರದ್ದಾಗಿ ಕಾಣತೊಡಗಿತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ಕಾಲವದು. ದರಬಾರಿನ ರುಚಿ ಮರಾಠಿಯ ಕಡೆಗಿತ್ತು.

ಮರಾಠಿ ಮಂಡಳಿಗಳ ಈ ಮೇಲುಗೈಗೆ, ಕಿರ್ಲೋಸ್ಕರರ 'ಶಾಕುಂತಲ'ಕ್ಕೂ ಮೊದಲೇ, ಎದುರಾಗಿ ನಿಂತವರು ಸಕ್ಕರಿ ಬಾಳಾಚಾರ್ಯರು. ಶಾಂತಕವಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈ ಶಾಲಾ ಮಾಸ್ತರರು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯೊಂದನ್ನು ಕಟ್ಟಿ 'ಉಷಾಹರಣ'ವನ್ನು ಆಡಿಸಿದರು. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯ ಲೆಕ್ಕ ಶುರುವಾಗುವುದು ಅಲ್ಲಿಂದ. 1880ರ ದಶಕದಲ್ಲಿ ಗದಗ ಮತ್ತು ಹೊಟಗಿ ನಡುವೆ ರೈಲು ಹಳಿ ಬಿತ್ತು. ಬಾದಾಮಿ, ಬಾಗಲಕೋಟೆ, ವಿಜಾಪುರ ಆ ಹಳಿಯ ಮೇಲಿನ ಊರುಗಳು. ಪರದೆ, ಪೆಟ್ಟಿಗೆ, ಮಕ್ಕಳುಮರಿಗಳ ಸಮೇತ ಒಂದು ಕಂಪನಿ ಗದಗಿನಲ್ಲಿ ಹತ್ತಿ ಬಾಗಲಕೋಟೆಯಲ್ಲಿ ಇಳಿಯುವುದು ಸಾಧ್ಯವಾಯಿತು. ಹುನಗುಂದ, ಇಳಕಲ್‌ಗಳಿಗೆ ರೈಲು ಬರಲಿಲ್ಲ. ಅಲ್ಲಿಗೆ ಸಾಮಾನು ಹೋದದ್ದು ಚಕ್ಕಡಿಯಲ್ಲಿ, ಮುಂದೆ ಲಾರಿಯಲ್ಲಿ. ಹಾಗಿದ್ದರೂ ಕಂಪನಿಗಳು ಆ ಊರುಗಳನ್ನು ಬಿಡಲಿಲ್ಲ. ಇಳಕಲ್, ಗುಳೇದಗುಡ್ಡ, ಕಮತಗಿ, ಸೂಳೇಭಾವಿ, ಅಮೀನಗಡ ನೇಕಾರರ ಊರುಗಳು. ಒಕ್ಕಲುತನದ ಊರಿನಲ್ಲಿ ಸುಗ್ಗಿಯ ಹೊರತು ಕೈಯಲ್ಲಿ ರೊಕ್ಕ ಇರುವುದಿಲ್ಲ. ಮಗ್ಗದ ಊರಿನಲ್ಲಿ ಸೀರೆ, ಖಣ ಮಾರಿದ ವಾರವೆಲ್ಲ ಒಂದಿಷ್ಟು ಬಿಡಿಕಾಸು ಓಡಾಡುತ್ತದೆ. ನಾಟಕದ ಗೇಟಿಗೆ ಬೇಕಾದದ್ದು ಅಂಥ ಬಿಡಿಕಾಸು.

ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ ಈ ಭಾಗದಲ್ಲಿ ದೊಡ್ಡ ಹೆಸರುಗಳು. ಮಲ್ಲಿಕಾರ್ಜುನ ಮನಸೂರರು ಬಾಲನಟನಾಗಿ ಸೇರಿದ್ದು ವಾಮನರಾವ್ ಮಾಸ್ತರರ ಕಂಪನಿಯನ್ನೇ. ಬಸವರಾಜ ರಾಜಗುರುಗಳೂ ಅದೇ ಕಂಪನಿಯಲ್ಲಿ ಹಾಡಿದವರು. ಹಿಂದುಸ್ತಾನಿ ಸಂಗೀತದಲ್ಲಿ ಧಾರವಾಡ ಸೀಮೆಗೆ ಬಂದ ಕೀರ್ತಿಯಲ್ಲಿ ಕಂಪನಿಗಳ ಪಾಲನ್ನು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಊಟ ಹಾಕಿ, ಸಂಬಳ ಕೊಟ್ಟು, ಪ್ರತಿ ರಾತ್ರಿ ಸಾವಿರ ಜನರ ಮುಂದೆ ಹಾಡಿಸಿದ ಶಾಲೆಗಳವು. ಅಲ್ಲಿ ಕಲಿತ ಹುಡುಗ ದೊಡ್ಡ ಗಾಯಕನಾದ ಮೇಲೆ ಕಂಪನಿಗೆ ಏನೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಒಂದು ಕಂಪನಿ ಊರಿಗೆ ಬಂದು ನಿಲ್ಲುವುದಕ್ಕೆ 'ಕ್ಯಾಂಪ್' ಎನ್ನುತ್ತಿದ್ದರು. ಮ್ಯಾನೇಜರ್ ಮೊದಲೇ ಬಂದು ಜಾಗ ನೋಡಿ, ಪರವಾನಗಿ ಪಡೆದು, ಬಾಡಿಗೆ ಮನೆಗಳನ್ನು ಗೊತ್ತು ಮಾಡಬೇಕು. 1876ರ ನಾಟಕ ಪ್ರದರ್ಶನ ಕಾಯ್ದೆಯ ಬಲದಿಂದ ಸರಕಾರ ಯಾವ ನಾಟಕವನ್ನಾದರೂ ತಡೆಯಬಹುದಿತ್ತು. ಹೀಗಾಗಿ ಪೊಲೀಸ್ ಕಚೇರಿಯ ಮರ್ಜಿ ಕಾಯುವುದೂ ಮ್ಯಾನೇಜರನ ಕೆಲಸವೇ. ಆಮೇಲೆ ಬಿದಿರು, ತಟ್ಟೆ, ತಗಡುಗಳ ಥಿಯೇಟರು ಏಳುತ್ತಿತ್ತು. ಮುಂದೆ ಖುರ್ಚಿ, ಅದರ ಹಿಂದೆ ಬೆಂಚು, ಕೊನೆಗೆ ನೆಲ. ಹೆಂಗಸರಿಗೆ ಒಂದು ಬದಿಯಲ್ಲಿ ಪ್ರತ್ಯೇಕ ಜಾಗ. ಹಗಲು ಬ್ಯಾಂಡು ಬಾರಿಸುತ್ತ, ಹ್ಯಾಂಡಬಿಲ್ಲು ಹಂಚುತ್ತ ಟಾಂಗಾ ಊರು ಸುತ್ತುತ್ತಿತ್ತು. ರಾತ್ರಿ ಗ್ಯಾಸಬತ್ತಿಯ ಬೆಳಕಿನಲ್ಲಿ ಆರಂಭವಾದ ಆಟ ಬೆಳಗಿನ ಜಾವದ ವರೆಗೆ ಎಳೆಯುತ್ತಿತ್ತು. ಪೇಟಿ ಮಾಸ್ತರನ ಎಡಬಲಕ್ಕೆ ತಬಲಾ, ಕ್ಲಾರಿಯೊನೆಟ್. ಜನ 'ಒನ್ಸ್ ಮೋರ್' ಎಂದಷ್ಟು ಸಲ ಹಾಡು. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಸಾಯುತ್ತಿತ್ತೆಂದು ಹಳಬರು ನಗುತ್ತ ಹೇಳುವುದುಂಟು.

ಇಷ್ಟೂ ನಡೆಯುವುದಕ್ಕೆ ನಲವತ್ತು ಐವತ್ತು ಜನ ಬೇಕಿತ್ತು. ನಟರು, ವಾದ್ಯದವರು, ಪರದೆ ಎಳೆಯುವವರು, ಬಣ್ಣ ಹಚ್ಚುವವರು, ಅಡುಗೆಯವರು, ಗೇಟು ಕಾಯುವವರು, ಇವರ ಹೆಂಡರು ಮಕ್ಕಳು. ಎಲ್ಲರಿಗೂ ಕಂಪನಿಯದೇ ಬೋರ್ಡಿಂಗ್. ಆಟ ಇರಲಿ ಬಿಡಲಿ, ದಿನಕ್ಕೆ ಎರಡು ಹೊತ್ತು ಒಲೆ ಉರಿಯಲೇಬೇಕು. ಖರ್ಚು ಹೀಗೆ ದಿನವೂ ಗಟ್ಟಿಯಾಗಿ ನಿಂತಿದ್ದರೆ ಉತ್ಪನ್ನ ಮಳೆ, ಸುಗ್ಗಿ, ಸಂತೆ, ಪ್ಲೇಗು, ಪರೀಕ್ಷೆ, ಎದುರು ಕಂಪನಿಯ ಹೊಸ ನಾಟಕ ಇವೆಲ್ಲಕ್ಕೂ ತಕ್ಕಂತೆ ಏರಿಳಿಯುತ್ತಿತ್ತು. ಮಳೆಗಾಲದಲ್ಲಿ ಡೇರೆ ಹಾಕುವಂತಿಲ್ಲ. ಆ ನಾಲ್ಕು ತಿಂಗಳು ಕಂಪನಿ ಎಲ್ಲೋ ಒಂದೆಡೆ ಮುಕ್ಕಾಂ ಹೂಡಿ ಹೊಸ ನಾಟಕದ ತಾಲೀಮು ನಡೆಸುತ್ತಿತ್ತು. ಆಗಲೂ ಐವತ್ತು ಜನರ ಹೊಟ್ಟೆ ತುಂಬಬೇಕು. ಆ ಹೊತ್ತಿಗೆ ಸಾಲ ಸಾವುಕಾರನ ಅಂಗಡಿಯಿಂದ ಬರುತ್ತಿತ್ತು. ಒತ್ತೆಯಾಗಿ ಪರದೆಗಳು, ವೇಷದ ಪೆಟ್ಟಿಗೆಗಳು, ಕೆಲವೊಮ್ಮೆ ಮಾಲಕನ ಹೆಂಡತಿಯ ಬಂಗಾರ. ಸಾಲ ತೀರಿಸಲಾಗದೆ ಸಾಮಾನು ಬಿಟ್ಟು ಹೋದ ಕಂಪನಿಗಳೂ, ಆ ಸಾಮಾನು ಹಿಡಿದುಕೊಂಡೇ ತಾನೊಂದು ಕಂಪನಿ ಕಟ್ಟಿದ ಸಾವುಕಾರರೂ ಈ ಇತಿಹಾಸದಲ್ಲಿ ಉಂಟು.

ಇದರ ಮೇಲೆ ಮುಂಗಡದ ಪದ್ಧತಿ ಇತ್ತು. ಹೆಸರಾದ ನಟ ಅಥವಾ ನಟಿಯನ್ನು ಕರೆತರಲು ಮಾಲಕ ದೊಡ್ಡ ಮೊತ್ತವನ್ನು ಮೊದಲೇ ಕೊಡುತ್ತಿದ್ದ. ಸಂಬಳದಲ್ಲಿ ಅದನ್ನು ಮುರಿದುಕೊಳ್ಳುವುದು ಒಪ್ಪಂದ. ಮುಂಗಡ ತೀರುವ ಮೊದಲೇ ಇನ್ನೊಂದು ಕಂಪನಿ ಇನ್ನೂ ಹೆಚ್ಚು ಕೊಟ್ಟು ಕರೆದರೆ ಹಳೆಯ ಬಾಕಿಯನ್ನು ಅವರೇ ತೀರಿಸಿ ಕರೆದೊಯ್ಯುತ್ತಿದ್ದರು, ಇಲ್ಲವೇ ಕಲಾವಿದ ರಾತ್ರೋರಾತ್ರಿ ಊರು ಬಿಡುತ್ತಿದ್ದ. ಮುಂಗಡ ಕಲಾವಿದನನ್ನು ಕಂಪನಿಗೆ ಕಟ್ಟಿಹಾಕಿತು, ಕಂಪನಿಯನ್ನು ಸಾವುಕಾರನಿಗೆ ಕಟ್ಟಿಹಾಕಿತು. ಮುಖ್ಯ ಪಾತ್ರಧಾರಿ ಹೋದ ವಾರವೇ ಕಲೆಕ್ಷನ್ ಅರ್ಧಕ್ಕಿಳಿಯುವುದು ಸಾಮಾನ್ಯವಾಗಿತ್ತು. ಕಂಪನಿ ತೀರ ನಿತ್ರಾಣವಾದಾಗ 'ಸಹಾಯಾರ್ಥ ಪ್ರಯೋಗ' ಇಟ್ಟು ಊರ ದೊಡ್ಡವರ ಕೈಗೆ ಟಿಕೀಟು ಕೊಡುತ್ತಿದ್ದರು. ಶಾಲೆ, ಗುಡಿ, ಮಠಗಳಿಗೆಂದು ಇದೇ ಕಂಪನಿಗಳು ಎಷ್ಟೋ ಸಹಾಯಾರ್ಥ ಆಟ ಆಡಿದ್ದವು. ಹೀಗಾಗಿ ಜನ ಕೊಡಲು ಹಿಂಜರಿಯುತ್ತಿರಲಿಲ್ಲ.

ಈ ಲೆಕ್ಕ ಎಷ್ಟು ದೊಡ್ಡವರನ್ನೂ ಮುಳುಗಿಸಬಲ್ಲದು ಎಂಬುದಕ್ಕೆ ಮರಾಠಿ ರಂಗಭೂಮಿಯ ಗಂಧರ್ವ ನಾಟಕ ಮಂಡಳಿಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಅದರ ಕೊನೆಯ ಅಧ್ಯಾಯಕ್ಕೆ ಬೀಳಗಿಯ ನಂಟಿದೆ. ನಾರಾಯಣರಾವ್ ರಾಜಹಂಸ, ಅಂದರೆ ಬಾಲಗಂಧರ್ವರು, 1913ರಲ್ಲಿ ಗೋವಿಂದರಾವ್ ಟೇಂಬೆ, ಗಣಪತರಾವ್ ಬೋಡಸರೊಂದಿಗೆ ಕಿರ್ಲೋಸ್ಕರ ಮಂಡಳಿಯಿಂದ ಹೊರಬಂದು ಸ್ವಂತ ಕಂಪನಿ ಕಟ್ಟಿದರು. ಅವರ ಸ್ತ್ರೀಪಾತ್ರವನ್ನು ನೋಡಿ ಸೀರೆ ಉಡುವ ರೀತಿಯನ್ನು ಮನೆತನಸ್ಥ ಹೆಂಗಸರು ಅನುಕರಿಸಿದರು. 1921ರ ಜುಲೈ 8ರಂದು ಗಂಧರ್ವ ಮಂಡಳಿ ಮತ್ತು ಕೇಶವರಾವ್ ಭೋಸಲೆಯವರ ಲಲಿತಕಲಾದರ್ಶ ಒಟ್ಟಾಗಿ ಮುಂಬಯಿಯಲ್ಲಿ 'ಮಾನಾಪಮಾನ'ವನ್ನು ಟಿಳಕ್ ಸ್ವರಾಜ್ಯ ನಿಧಿಗಾಗಿ ಆಡಿದವು. ಲಲಿತಕಲಾದರ್ಶ ಹುಟ್ಟಿದ್ದು 1908ರಲ್ಲಿ ಹುಬ್ಬಳ್ಳಿಯಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಹೊರಗಿನಿಂದ ಇಷ್ಟು ವೈಭವವಾಗಿ ಕಂಡ ಗಂಧರ್ವ ಮಂಡಳಿ ಒಳಗೆ ಸಾಲದಲ್ಲಿತ್ತು. ಪರದೆ, ಒಡವೆ, ರೇಷ್ಮೆ, ಅತ್ತರಿನ ಮೇಲೆ ಮಾಲಕರು ಕೈಬಿಚ್ಚಿ ಸುರಿಯುತ್ತಿದ್ದರು. ಒಳ್ಳೆಯ ಕಲೆಕ್ಷನ್ ಬಂದಷ್ಟೂ ಖರ್ಚು ಅದನ್ನು ಮೀರುತ್ತಿತ್ತು. 1930ರ ದಶಕದ ನಡುವೆ ಬಾಲಗಂಧರ್ವರು ಪ್ರಭಾತ್ ಕಂಪನಿಯ 'ಧರ್ಮಾತ್ಮಾ' (1935) ಚಿತ್ರದಲ್ಲಿ ಸಂತ ಏಕನಾಥರಾದರು. ಸಿನಿಮಾ ಅವರಿಗೆ ಒಗ್ಗಲಿಲ್ಲ, ಮತ್ತೆ ರಂಗಕ್ಕೆ ಮರಳಿದರು. ಆ ಹೊತ್ತಿಗೆ ವಯಸ್ಸು ಐವತ್ತರ ಹತ್ತಿರ. ಆ ದಶಕದ ಕೊನೆಯಲ್ಲಿ ಕಂಪನಿಗೆ ಬಂದ ಬೀಳಗಿಯ ಗೋಹರ್ ಕರ್ನಾಟಕಿ, ಬಾಲಗಂಧರ್ವರು ಆಡುತ್ತಿದ್ದ ಸ್ತ್ರೀಪಾತ್ರಗಳನ್ನು ತಾವು ವಹಿಸಿದರು. ಇಬ್ಬರೂ 1951ರಲ್ಲಿ ಮದುವೆಯಾದರು. ಕಂಪನಿ ಕೆಟ್ಟದ್ದಕ್ಕೆ ಗೋಹರ್ ಕಾರಣ ಎಂದು ಮರಾಠಿ ಅಭಿಮಾನಿಗಳು ಬಹುಕಾಲ ಹೇಳುತ್ತ ಬಂದರು. ಗೋಹರ್ ಬಂದದ್ದು 1930ರ ದಶಕದ ಕೊನೆಗೆ, ಸಾಲ ಅದಕ್ಕಿಂತ ಬಹಳ ಹಳೆಯದು. ಕಾಲದ ಈ ಒಂದು ಲೆಕ್ಕವೇ ಆ ದೂರನ್ನು ಸುಳ್ಳು ಮಾಡುತ್ತದೆ. ಗೋಹರ್ 1964ರಲ್ಲಿ, ಬಾಲಗಂಧರ್ವರು 1967ರಲ್ಲಿ ತೀರಿಕೊಂಡರು.

ಗೋಹರ್ ಅವರ ತಂಗಿ ಅಮೀರಬಾಯಿ ಕರ್ನಾಟಕಿ ಇನ್ನೊಂದು ದಾರಿ ಹಿಡಿದರು. ನಾಟಕದಿಂದ ಮುಂಬಯಿಯ ಸಿನಿಮಾಕ್ಕೆ ಹೋಗಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದ ತುಂಬ ಹೆಸರಾದರು. ಒಂದೇ ಮನೆಯ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಮುಳುಗುತ್ತಿದ್ದ ಕಂಪನಿಯನ್ನು ಹಿಡಿದು ನಿಂತಳು, ಇನ್ನೊಬ್ಬಳು ಬೆಳೆಯುತ್ತಿದ್ದ ಉದ್ಯಮಕ್ಕೆ ಸೇರಿದಳು. ಆ ಕಾಲದ ಕಲಾವಿದರ ಮುಂದಿದ್ದ ಆಯ್ಕೆ ಇದಕ್ಕಿಂತ ಬೇರೆಯಾಗಿರಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆ ಕಂಡದ್ದು 1934ರಲ್ಲಿ. ಅದರ ಮುಖ್ಯ ನಟರಾದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಾಟಕದ ಕಂಪನಿಯವರು. 1954ರ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯ ನಾಟಕ, ಅದರ ನಾಯಕ ರಾಜಕುಮಾರ್ ಆ ಕಂಪನಿಯಿಂದಲೇ ಬಂದವರು. ಕನ್ನಡ ಸಿನಿಮಾ ಮೊದಲ ಎರಡು ದಶಕ ತನ್ನ ಕಥೆ, ನಟರು, ಸಂಗೀತ ಮೂರನ್ನೂ ಕಂಪನಿಗಳಿಂದಲೇ ಪಡೆಯಿತು. ಗುಬ್ಬಿ ವೀರಣ್ಣನವರಂಥ ಮಾಲಕರು ಇದನ್ನು ಬೇಗ ಅರಿತು ಸಿನಿಮಾಕ್ಕೂ ಥಿಯೇಟರು ಕಟ್ಟುವುದಕ್ಕೂ ಹಣ ಹಾಕಿದರು. ಉತ್ತರದ ಕಂಪನಿಗಳಿಗೆ ಅಂಥ ಬಂಡವಾಳವೂ ಇರಲಿಲ್ಲ, ಬೆಂಗಳೂರು, ಮದರಾಸುಗಳ ಸಂಪರ್ಕವೂ ಇರಲಿಲ್ಲ. ಆದರೂ ಸಿನಿಮಾ ಬಂದ ಕೂಡಲೇ ಅವು ಬೀಳಲಿಲ್ಲ. 1940ರಿಂದ 1970ರ ವರೆಗಿನ ಮೂವತ್ತು ವರ್ಷ ಈ ಭಾಗದಲ್ಲಿ ಕಂಪನಿಗಳ ಸಂಖ್ಯೆ ಬೆಳೆಯಿತು. ಟಾಕೀಜು ಇದ್ದದ್ದು ತಾಲೂಕಿನ ಊರುಗಳಲ್ಲಿ. ಜಾತ್ರೆ ಇದ್ದದ್ದು ಎಲ್ಲೆಡೆ.

ಈ ಕಾಲದ ಎರಡು ಹೆಸರುಗಳು ಹುನಗುಂದ ತಾಲೂಕಿನವು. ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿದ ಹನುಮಂತರಾಯರು ಪೌರಾಣಿಕ ನಾಟಕಗಳನ್ನು ಬರೆದು ಕಂಪನಿಗಳಿಗೆ ಅನ್ನ ಕೊಟ್ಟವರು. 'ರಕ್ತರಾತ್ರಿ', 'ಕುರುಕ್ಷೇತ್ರ', 'ಬಾಣಸಿಗ ಭೀಮ', 'ಚಿತ್ರಾಂಗದಾ' ಅವರವು. ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಅಭಿಮಾನಿಗಳು ಕರೆದರು. ಹೊಗಳಿಕೆ ಅತಿಯಾಯಿತೆನ್ನಿ, ಆದರೆ ಮಾತನ್ನು ಉಸಿರಿನ ಅಳತೆಗೆ ಕತ್ತರಿಸಿ, ಕೊನೆಯ ನೆಲದ ಸಾಲಿನ ವರೆಗೆ ಮುಟ್ಟುವಂತೆ ಬರೆಯುವ ಕಲೆ ಅವರಿಗೆ ಸಿದ್ಧಿಸಿತ್ತು. ಧ್ವನಿವರ್ಧಕ ಇಲ್ಲದ ಡೇರೆಯಲ್ಲಿ ಅದು ಅಲಂಕಾರದ ಮಾತಾಗಿರಲಿಲ್ಲ, ಗೇಟಿನ ಮಾತಾಗಿತ್ತು. ಹನುಮಂತರಾಯರು 1966ರಲ್ಲಿ ತೀರಿಕೊಂಡರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ. 'ರಕ್ತರಾತ್ರಿ'ಯನ್ನು ಈ ಸೀಮೆಯ ಹಳ್ಳಿಗಳು ಇಂದಿಗೂ ಬಿಟ್ಟಿಲ್ಲ.

ಇನ್ನೊಬ್ಬರು ಸೂಳೇಭಾವಿಯ ಪಿ.ಬಿ. ಧುತ್ತರಗಿ. ಅವರದು ಸಾಮಾಜಿಕ ನಾಟಕ. ದೇವತೆಗಳು, ರಾಜರು ಹೋಗಿ ಗೌಡ, ಸಾವುಕಾರ, ಬಡ ಒಕ್ಕಲಿಗ, ಮಲತಾಯಿ, ಅತ್ತೆ ಸೊಸೆಯರು ರಂಗಕ್ಕೆ ಬಂದರು. 'ಸಂಪತ್ತಿಗೆ ಸವಾಲ್', 'ಮಲಮಗಳು', 'ಮುದುಕನ ಮದುವೆ' ಕಂಪನಿಗಳಿಗೆ ವರ್ಷಗಟ್ಟಲೆ ಕಲೆಕ್ಷನ್ ತಂದವು. ಈ ಬದಲಾವಣೆಯನ್ನು ಸಮಾಜ ಸುಧಾರಣೆಯ ದೃಷ್ಟಿಯಿಂದ ನೋಡುವವರೇ ಹೆಚ್ಚು. ಅದಕ್ಕೆ ಖರ್ಚಿನ ಮುಖವೂ ಇತ್ತು. ಪೌರಾಣಿಕ ನಾಟಕಕ್ಕೆ ಕಿರೀಟ, ಭುಜಕೀರ್ತಿ, ಜರಿಯ ಉಡುಪು, ಅರಮನೆ, ಕಾಡು, ಕೈಲಾಸಗಳ ಪರದೆ, ಟ್ರಿಕ್ ಸೀನುಗಳು ಬೇಕು. ಸಾಮಾಜಿಕ ನಾಟಕಕ್ಕೆ ಗೌಡರ ಮನೆಯ ಪಡಸಾಲೆ, ಒಂದು ಗುಡಿಸಲು, ಒಂದು ರಸ್ತೆ ಸಾಕು. ಉಡುಪು ಎಂದರೆ ಧೋತರ, ರುಮಾಲು, ಇಳಕಲ್ ಸೀರೆ. ಸಾಲದ ಹೊರೆಯಲ್ಲಿದ್ದ ಮಾಲಕರಿಗೆ ಇದು ಬಿಡುಗಡೆಯಂತೆ ಬಂದಿತು. ಮುಂದೆ ಇದೇ ಅವರ ಕೊರಳಿಗೆ ಬಿತ್ತು. ವೈಭವದ ಪರದೆಗಳನ್ನು ಊರವರು ಎಲ್ಲೂ ತರಲಾರರು, ಆದ್ದರಿಂದ ಕಂಪನಿಯ ಬಾಗಿಲಿಗೇ ಬರಬೇಕಿತ್ತು. ಗೌಡರ ಪಡಸಾಲೆಯನ್ನಾದರೋ ಯಾವ ಹಳ್ಳಿಯವರೂ ಹೂಡಬಹುದು.

ಹಾಗೆಯೇ ಆಯಿತು. ಕಂಪನಿಯಲ್ಲಿ ಓಡಿದ ನಾಟಕಗಳನ್ನು ಗದಗ, ಹುಬ್ಬಳ್ಳಿಗಳ ಪ್ರಕಾಶಕರು ಅಗ್ಗದ ಪುಸ್ತಕಗಳಾಗಿ ಅಚ್ಚು ಹಾಕಿದರು. ಸೀನು, ಡ್ರೆಸ್ಸು, ಲೈಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಹುಟ್ಟಿದವು. ಪೇಟಿ ಮಾಸ್ತರರು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ತಾಲೀಮು ಕೊಟ್ಟು ನಾಟಕ ಕಲಿಸತೊಡಗಿದರು. ಗಂಡಸರ ಪಾತ್ರ ಊರ ಹುಡುಗರದ್ದು. ಸ್ತ್ರೀಪಾತ್ರಕ್ಕೆ ಮಾತ್ರ ವೃತ್ತಿನಟಿಯರು ಬೇಕು. ಜಾತ್ರೆಯ ಹಿಂದಿನ ರಾತ್ರಿ ಬಂದು, ಒಂದು ಸಲ ತಾಲೀಮು ನೋಡಿ, ಮರುರಾತ್ರಿ ರಂಗಕ್ಕೇರುವ ನಟಿಯರು ಇಬ್ಬರೋ ಮೂವರೋ. ಅವರಿಗೆ ಆ ಒಂದು ರಾತ್ರಿಗೆ ಸಿಗುತ್ತಿದ್ದ ಸಂಭಾವನೆ ಕಂಪನಿಯಲ್ಲಿ ಹಲವು ದಿನ ದುಡಿದರೂ ಬರುವಂಥದ್ದಾಗಿರಲಿಲ್ಲ. ಮುಂಗಡದ ಕಟ್ಟು ಇಲ್ಲ, ಮಾಲಕನ ಹಂಗಿಲ್ಲ, ಮಕ್ಕಳ ಶಾಲೆ ಬಿಡಿಸಿ ಊರೂರು ಅಲೆಯಬೇಕಿಲ್ಲ. ಬಾಗಲಕೋಟೆ, ಇಳಕಲ್, ಗದಗಗಳಲ್ಲಿ ಮನೆ ಮಾಡಿಕೊಂಡು, ಏಜೆಂಟರ ಮೂಲಕ 'ಪಾರ್ಟು' ಒಪ್ಪಿಕೊಳ್ಳುವ ಕಲಾವಿದೆಯರ ಒಂದು ಬಳಗವೇ ಬೆಳೆಯಿತು. ಹೆಣ್ಣುಮಕ್ಕಳು ರಂಗಕ್ಕೆ ಬರುವುದನ್ನು ಸಮಾಜ ಕೀಳಾಗಿ ಕಂಡ ಕಾಲದಲ್ಲಿ ಕಂಪನಿ ಅವರಿಗೆ ಒಂದು ನೆಲೆ ಕೊಟ್ಟಿತ್ತು. ಅದು ಕೊಟ್ಟ ಕಸುಬನ್ನೇ ಹಿಡಿದು ಅವರು ಕಂಪನಿಯಿಲ್ಲದೆ ಬದುಕುವುದನ್ನು ಕಲಿತರು. ಅವರ ಮಟ್ಟಿಗೆ ಇದು ಏಳಿಗೆಯೇ. ಕಂಪನಿಗಳ ಅವನತಿಯನ್ನು ರಂಗಭೂಮಿಯ ಅವನತಿ ಎಂದೇ ಬರೆಯುವವರು ಈ ಭಾಗದಲ್ಲಿ ಹಳ್ಳಿಹಳ್ಳಿಗೆ ಹಬ್ಬಿದ ನಾಟಕದ ಹುಚ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಟಕ ಸಾಯಲಿಲ್ಲ. ಅದು ಮಾಲಕನ ಕೈಯಿಂದ ಊರವರ ಕೈಗೆ ದಾಟಿತು.

ಮಾಲಕನ ಕೈಯಲ್ಲಿ ಉಳಿದದ್ದು ಹಳೆಯ ಖರ್ಚು. 1971ರಿಂದ 73ರ ವರೆಗೆ ಮುಂಬಯಿ ಕರ್ನಾಟಕದ ಬಯಲು ಜಿಲ್ಲೆಗಳನ್ನು ಬರಗಾಲ ಸುಟ್ಟಿತು. ವಿಜಾಪುರ ಜಿಲ್ಲೆಯ ಜನ ಗುಳೆ ಹೋದರು. ಊರೇ ಖಾಲಿಯಾದ ಮೇಲೆ ಕ್ಯಾಂಪು ಯಾರಿಗೆ? ಬರ ಮುಗಿದು ಕೈಗೆ ರೊಕ್ಕ ಬರುವ ಹೊತ್ತಿಗೆ ಸಣ್ಣ ಊರುಗಳಲ್ಲೂ ಟೂರಿಂಗ್ ಟಾಕೀಜುಗಳು ಬಂದಿದ್ದವು. 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜಕುಮಾರರ ಸಿನಿಮಾ ಆಗಿ ರಾಜ್ಯವನ್ನೇ ಗೆದ್ದಿತು. ಸೂಳೇಭಾವಿಯ ನಾಟಕಕಾರನ ಕಥೆಯನ್ನು ಬಾಗಲಕೋಟೆಯ ಜನ ಟಾಕೀಜಿನಲ್ಲಿ, ಡೇರೆಗಿಂತ ಕಡಿಮೆ ದರದಲ್ಲಿ ನೋಡಿದರು. 1980ರ ದಶಕದಲ್ಲಿ ಬಣ್ಣದ ಟಿ.ವಿ., ವಿಡಿಯೊ ಕ್ಯಾಸೆಟ್ಟು ಬಂದವು. 1987ರಲ್ಲಿ ರವಿವಾರ ಬೆಳಿಗ್ಗೆ 'ರಾಮಾಯಣ' ಶುರುವಾದಾಗ ಪೌರಾಣಿಕದ ಕೊನೆಯ ಮೊತ್ತವೂ ಮನೆಯ ಪೆಟ್ಟಿಗೆಗೆ ಹೋಯಿತು. ಬಸವೇಶ್ವರರ ಪಾತ್ರದಿಂದ ಮನೆಮಾತಾಗಿದ್ದ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘವೂ ಆ ದಶಕದಲ್ಲಿ ಬಾಗಿಲು ಹಾಕಿತು. 1914ರಲ್ಲಿ ಹುಟ್ಟಿದ ಬಾಳಪ್ಪನವರು ಕಂಪನಿಯನ್ನು ಮೀರಿ ಮೂರು ದಶಕ ಬದುಕಿ 2017ರಲ್ಲಿ ತೀರಿಕೊಂಡರು. ಚಿಕ್ಕಂದಿನಲ್ಲಿ ಸ್ತ್ರೀಪಾತ್ರ ಮಾಡಿ, ಮುಂದೆ ನಾಯಕನಾಗಿ, ಮಾಲಕನಾಗಿ, ಕೊನೆಗೆ ಕಂಪನಿ ಮುಚ್ಚಿದವನಾಗಿ ಅವರು ಈ ಕಸುಬಿನ ಎಲ್ಲ ಮಗ್ಗುಲುಗಳನ್ನೂ ಕಂಡಿದ್ದರು.

ಊರುಗಳ ರೂಪ ಬದಲಾದದ್ದೂ ಕಂಪನಿಗಳಿಗೆ ಪೆಟ್ಟು ಕೊಟ್ಟಿತು. ಕ್ಯಾಂಪಿಗೆ ಬೇಕಾದದ್ದು ಪೇಟೆಗೆ ಹತ್ತಿರದ ಬಯಲು, ಅದೂ ತಿಂಗಳುಗಟ್ಟಲೆ. ಅಂಥ ಬಯಲುಗಳೆಲ್ಲ ಬಸ್ ನಿಲ್ದಾಣ, ಮಾರುಕಟ್ಟೆ, ಪ್ಲಾಟುಗಳಾದವು. ಬಾಗಲಕೋಟೆಯಲ್ಲಿ ಇದು ಇನ್ನೂ ವಿಚಿತ್ರವಾಗಿ ನಡೆಯಿತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಹಳೆಯ ಊರಿನ ತಗ್ಗು ಭಾಗಗಳನ್ನು ನುಂಗಿತು. ಪೇಟೆ, ಓಣಿಗಳಲ್ಲಿ ಒತ್ತೊತ್ತಾಗಿದ್ದ ಕುಟುಂಬಗಳು ನವನಗರದ ಸೆಕ್ಟರುಗಳಿಗೆ ಚದುರಿದವು. ನಡುವೆ ಬಸವೇಶ್ವರ ವಿದ್ಯಾವರ್ಧಕ ಸಂಘದ ಕಾಲೇಜುಗಳ ಸುತ್ತ ವಿದ್ಯಾಗಿರಿ ಬೆಳೆಯಿತು. 1906ರಲ್ಲಿ ಹುಟ್ಟಿದ ಸಂಘ, 1963ರ ಇಂಜಿನಿಯರಿಂಗ್ ಕಾಲೇಜು, ಆಮೇಲೆ ವೈದ್ಯಕೀಯದ ವರೆಗೆ ಸಾಲುಸಾಲು ಸಂಸ್ಥೆಗಳು. ಇಲ್ಲಿ ಬಂದು ನೆಲೆಸಿದ ಮಾಸ್ತರರು, ವಿದ್ಯಾರ್ಥಿಗಳಿಗೆ ನಾಟಕ ಎಂದರೆ ಕಾಲೇಜಿನ ಗ್ಯಾದರಿಂಗು ಅಥವಾ ಹವ್ಯಾಸಿ ತಂಡದ ಪ್ರಯೋಗ. ರಾತ್ರಿ ಊಟ ಮುಗಿಸಿ, ಚಾಪೆ ಹಿಡಿದು, ಓಣಿಯವರೆಲ್ಲ ಕೂಡಿ ಡೇರೆಗೆ ನಡೆದು ಹೋಗುವ ರೂಢಿಗೆ ಬೇಕಾದ ಓಣಿಯೇ ಅಲ್ಲಿರಲಿಲ್ಲ.

ಉಳಿದ ಕಂಪನಿಗಳು ಹಾಸ್ಯದ ಕಡೆ ಹೊರಳಿದವು. ನಾಯಕನಿಗಿಂತ ಹಾಸ್ಯಪಾತ್ರದವನ ಹೆಸರು ಬೋರ್ಡಿನ ಮೇಲೆ ದೊಡ್ಡದಾಯಿತು. ಹಾಡಿನ ಸಂಗೀತಗಾರರನ್ನು ಸಾಕುವುದಕ್ಕಿಂತ ಕೀಬೋರ್ಡು, ರೆಕಾರ್ಡು ಸಾಕು ಎಂದಾಯಿತು. ತಾಳಿಕೋಟಿಯ ಖಾಸ್ಗತೇಶ್ವರ ನಾಟ್ಯಸಂಘದ ರಾಜು ತಾಳಿಕೋಟಿಯವರ 'ಕಲಿಯುಗದ ಕುಡುಕ' ಕ್ಯಾಸೆಟ್ಟಿನ ಮೂಲಕ ಚಹಾದಂಗಡಿ, ಟೆಂಪೋ, ಹೊಲಮನೆಗಳಿಗೆಲ್ಲ ಮುಟ್ಟಿತು. ಅವರು ಸಿನಿಮಾಕ್ಕೂ ಹೋದರು. ಕ್ಯಾಸೆಟ್ಟಿನಿಂದ ಹೆಸರು ಬಂದಿತು, ಡೇರೆಗೆ ಜನ ಬಂದರು. ಆದರೆ ಎಲ್ಲರಿಗೂ ಅಂಥ ಹಾಸ್ಯ ಒಲಿಯಲಿಲ್ಲ. ಎರಡರ್ಥದ ಮಾತು, ಸಿನಿಮಾ ಹಾಡಿಗೆ ಕುಣಿತ, ನಾಚಿಕೆ ಬಿಟ್ಟ ಹೆಸರುಗಳು ಕಡಿಮೆ ಬಂಡವಾಳದ ದಾರಿಯಾದವು. ಹೆಂಗಸರು, ಮಕ್ಕಳು ಡೇರೆ ಬಿಟ್ಟರು. ಕುಟುಂಬ ಸಮೇತ ಬರುತ್ತಿದ್ದ ಕಡೆ ಗಂಡಸರು ಮಾತ್ರ ಬಂದರೆ ಗೇಟಿನ ಲೆಕ್ಕ ಎಷ್ಟು ಇಳಿಯುತ್ತದೆ ಎಂಬುದು ಮಾಲಕರಿಗೆ ತಿಳಿಯದ್ದೇನಲ್ಲ. ಆದರೆ ಒಳ್ಳೆಯ ನಾಟಕಕ್ಕೆ ತಾಲೀಮಿನ ಮಳೆಗಾಲ ಬೇಕು, ಆ ಮಳೆಗಾಲಕ್ಕೆ ಸಾಲ ಕೊಡುವವರು ಯಾರೂ ಉಳಿದಿರಲಿಲ್ಲ.

ಹೀಗೆ ಊರೂರ ಕ್ಯಾಂಪು ನಿಂತು ಕಂಪನಿಗಳು ಜಾತ್ರೆಗಳಿಗೆ ಕಟ್ಟುಬಿದ್ದವು. ಅವುಗಳಲ್ಲಿ ದೊಡ್ಡದು ಬನಶಂಕರಿ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಬಯಲಿನಲ್ಲಿ ಬನದ ಹುಣ್ಣಿಮೆಯ ರಥೋತ್ಸವದೊಂದಿಗೆ ಶುರುವಾಗುವ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ಹಿಂಗಾರಿ ಜೋಳ ತೆನೆಗಟ್ಟಿದ ಕಾಲ, ರೈತನಿಗೆ ಒಂದಿಷ್ಟು ಬಿಡುವು. ಬಾಗಿಲು, ಚೌಕಟ್ಟು, ಪಾತ್ರೆ, ಬಟ್ಟೆ ಕೊಳ್ಳುವವರು, ಹರಕೆಯವರು, ಬೀಗರ ಮನೆಗೆ ಬಂದವರು. ಹಗಲು ವ್ಯಾಪಾರ, ರಾತ್ರಿ ನಾಟಕ. ಒಂದೇ ರಸ್ತೆಯಲ್ಲಿ ಸಾಲಾಗಿ ಎಂಟು ಹತ್ತು ಕಂಪನಿಗಳ ಥಿಯೇಟರುಗಳು, ಒಂದೊಂದರಲ್ಲಿ ರಾತ್ರಿಗೆ ಎರಡು ಮೂರು ಆಟ. ಮೈಕಿನಲ್ಲಿ ಒಬ್ಬರ ಮೇಲೊಬ್ಬರು ಕೂಗಿ ಕರೆಯುವ ಸದ್ದಿನಲ್ಲಿ ಯಾವ ಕಂಪನಿ ಯಾವುದೆಂದು ತಿಳಿಯುವುದೇ ಕಷ್ಟ. ಕಮತಗಿಯ ಹೊಳೆಹುಚ್ಚೇಶ್ವರ ನಾಟ್ಯಸಂಘದಂಥ ಜಿಲ್ಲೆಯದೇ ಕಂಪನಿಗಳ ಜೊತೆ ಗದಗ, ವಿಜಯಪುರದ ಕಡೆಯವೂ ಬರುತ್ತವೆ. ವರ್ಷದ ಉಳಿದ ದಿನಗಳ ನಷ್ಟವನ್ನು ಈ ಒಂದು ತಿಂಗಳು ತುಂಬಬೇಕು. ಜಾಗದ ಬಾಡಿಗೆ, ವಿದ್ಯುತ್ತು, ತಗಡು, ಲಾರಿ, ಮುಂಗಡಗಳನ್ನು ಇದೇ ಕಲೆಕ್ಷನ್ನಿನಿಂದ ತೀರಿಸಬೇಕು.

ವರ್ಷಕ್ಕೊಂದೇ ಬೆಳೆಯನ್ನು ನಂಬಿದ ಒಕ್ಕಲುತನದಂತೆ ಈ ವ್ಯವಸ್ಥೆಯೂ ಅಪಾಯದ್ದು ಎಂಬುದು 2020ರ ನಂತರ ಕಾಣಿಸಿತು. ಆ ವರ್ಷದ ಮಾರ್ಚಿನ ಲಾಕ್‌ಡೌನ್ ಬಂದದ್ದು ಜಾತ್ರೆಗಳ ನಡುಮಧ್ಯದಲ್ಲಿ. ಹಾಕಿದ ಥಿಯೇಟರುಗಳು ನಿಂತಲ್ಲೇ ನಿಂತವು. 2021ರ ಬನಶಂಕರಿ ಜಾತ್ರೆಗೂ ಕೊರೊನಾ ನಿರ್ಬಂಧ ಬಿತ್ತು, ಅದರ ಮರುವರ್ಷವೂ ಅಂಥದೇ ಆತಂಕ. ಎಷ್ಟೋ ಕಲಾವಿದರು ಕೂಲಿ, ಕಿರಾಣಿ, ತರಕಾರಿ ಮಾರಾಟಕ್ಕೆ ಇಳಿದರು. ಸರಕಾರದ ನೆರವು ಮೊದಲಿನಿಂದಲೂ ಇದೆ. ನಾಟಕ ಅಕಾಡೆಮಿಯ ಪ್ರಶಸ್ತಿ, ವೃತ್ತಿ ರಂಗಭೂಮಿಗೆಂದೇ ಮೀಸಲಾದ ಗುಬ್ಬಿ ವೀರಣ್ಣ ಪ್ರಶಸ್ತಿ, ವಯಸ್ಸಾದ ಕಲಾವಿದರಿಗೆ ಮಾಸಾಶನ, ಕಂಪನಿಗಳಿಗೆ ಅನುದಾನ, ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿಯ ರಂಗಾಯಣ. ಇವುಗಳಲ್ಲಿ ಹೆಚ್ಚಿನವು ಕಲಾವಿದನನ್ನು ಗೌರವಿಸುತ್ತವೆ. ಮಳೆಗಾಲದ ನಾಲ್ಕು ತಿಂಗಳು ಕಂಪನಿಯ ಒಲೆ ಉರಿಸಲು ಕಡಿಮೆ ಬಡ್ಡಿಯ ಸಾಲ, ಜಿಲ್ಲಾ ಊರುಗಳಲ್ಲಿ ಕ್ಯಾಂಪಿಗೆ ಕಾಯಂ ಜಾಗ ಎಂಬ ಎರಡು ಹಳೆಯ ಬೇಡಿಕೆಗಳಿಗೆ ಅವುಗಳಲ್ಲಿ ಉತ್ತರವಿಲ್ಲ.

ಜಾತ್ರೆಗಳು ಮತ್ತೆ ಶುರುವಾದ ಮೇಲೆ ಕಂಪನಿಗಳೂ ಬನಶಂಕರಿಗೆ ಮರಳಿದವು. ಈಗಿನ ಕಂಪನಿ ಹಿಂದಿನದರ ಅರ್ಧದಷ್ಟು ಜನರದ್ದು. ಕಾಯಂ ಸಂಬಳಕ್ಕಿಂತ ಜಾತ್ರೆಯ ಮಟ್ಟಿಗಿನ ಒಪ್ಪಂದವೇ ಹೆಚ್ಚು. ಜಾತ್ರೆ ಮುಗಿದ ಕೂಡಲೇ ಕೆಲವು ಕಲಾವಿದರು ಹಳ್ಳಿಯ ನಾಟಕಗಳಿಗೆ ಪಾರ್ಟು ಮಾಡಲು ಹೊರಡುತ್ತಾರೆ, ಕೆಲವರು ಧಾರಾವಾಹಿ, ಯೂಟ್ಯೂಬ್ ಚಿತ್ರೀಕರಣಕ್ಕೆ. ಮಾಲಕ ಲಾರಿಯಲ್ಲಿ ತಗಡು, ಬಿದಿರು ಹೇರಿ ಮುಂದಿನ ಜಾತ್ರೆಗೆ ಸಾಗುತ್ತಾನೆ. ಬನಶಂಕರಿಯಲ್ಲಿ ತೀರದೆ ಉಳಿದ ಬಾಕಿ ಆ ಜಾತ್ರೆಯ ಖಾತೆಗೆ ಹೋಗುತ್ತದೆ, ಅಲ್ಲಿಯೂ ತೀರದಿದ್ದರೆ ಮುಂದಿನ ಬನದ ಹುಣ್ಣಿಮೆಯ ಖಾತೆಗೆ.